ವಿಶ್ಲೇಷಣಾ ತಂತ್ರಾಂಶಕ್ಕೆ ಹೊರಗಿನ ದತ್ತಸಂಚಯದ ಜೋಡಣೆ: ಮಳೆ ದತ್ತಾಂಶ ಬಳಕೆಯ ಮಾರ್ಗದರ್ಶಿ

ಪೀಠಿಕೆ

ಹೋಬಳಿ ಮಟ್ಟದಲ್ಲಿ ಬಿತ್ತನೆ, ಮೇಲುಗೊಬ್ಬರ ಹಾಗೂ ರಕ್ಷಣಾತ್ಮಕ ನೀರಾವರಿಯ ಸಲಹೆ ನೀಡಲು ದಿನವಹಿ ಮಳೆಯ ದತ್ತಾಂಶ ಅತ್ಯಗತ್ಯ. ಈ ದತ್ತಾಂಶವು ಸಾಮಾನ್ಯವಾಗಿ ಬೇರೊಂದು ಸಂಸ್ಥೆಯ ಸರ್ವರ್‌ನಲ್ಲಿರುವ ದತ್ತಸಂಚಯದಲ್ಲಿರುತ್ತದೆ. ಅದನ್ನು ವಿಶ್ಲೇಷಿಸುವ ಎಕ್ಸೆಲ್ ಅಥವಾ ಆರ್ ತಂತ್ರಾಂಶವು ನಮ್ಮ ಗಣಕಯಂತ್ರದಲ್ಲಿರುತ್ತದೆ. ಇವೆರಡರ ನಡುವೆ ಅಂಕಿಗಳನ್ನು ಕೈಯಿಂದ ನಕಲಿಸಿ ಅಂಟಿಸುವ ಕ್ರಮದಲ್ಲಿ ಸಾಲುಗಳು ಬಿಟ್ಟುಹೋಗುತ್ತವೆ, ಹಳೆಯ ಕಡತವೇ ಹೊಸದೆಂದು ಬಳಕೆಯಾಗುತ್ತದೆ ಮತ್ತು ತಪ್ಪು ಎಲ್ಲಿ ನುಸುಳಿತೆಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ.

ತಂತ್ರಾಂಶವನ್ನು ದತ್ತಸಂಚಯಕ್ಕೆ ನೇರವಾಗಿ ಜೋಡಿಸಿದರೆ ಈ ತೊಂದರೆಗಳು ಬಹುಮಟ್ಟಿಗೆ ನಿವಾರಣೆಯಾಗುತ್ತವೆ. ಆದರೆ ಜೋಡಣೆಯು ಅಂಕಿಗಳನ್ನು ತಂದುಕೊಡುತ್ತದೆಯೇ ಹೊರತು ಅವುಗಳ ಅರ್ಥವನ್ನು ಖಾತರಿಪಡಿಸುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಜೋಡಣೆಯ ವಿಧಾನದ ಜೊತೆಗೆ, ಸಲಹೆ ಹೊರಡಿಸುವ ಮೊದಲು ನಡೆಸಬೇಕಾದ ಪರಿಶೀಲನೆಗಳನ್ನೂ ವಿವರಿಸಲಾಗಿದೆ.

ಜೋಡಣೆಯ ಎರಡು ಮಾರ್ಗಗಳು

1. ದತ್ತಸಂಚಯಕ್ಕೆ ನೇರ ಸಂಪರ್ಕ: ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್ ಅಥವಾ ಎಸ್‌ಕ್ಯೂಎಲ್ ಸರ್ವರ್‌ನಂತಹ ದತ್ತಸಂಚಯಕ್ಕೆ ಓಡಿಬಿಸಿ ಎಂಬ ಸಾಮಾನ್ಯ ಸಂಪರ್ಕ ವ್ಯವಸ್ಥೆಯ ಮೂಲಕ ತಂತ್ರಾಂಶವನ್ನು ಜೋಡಿಸುವುದು. ದತ್ತಸಂಚಯದ ಒಡೆತನ ಹೊಂದಿರುವ ಸಂಸ್ಥೆಯು ಅನುಮತಿ ನೀಡಿದಾಗ ಮಾತ್ರ ಈ ಮಾರ್ಗ ಸಾಧ್ಯ.

2. ಜಾಲಸೇವೆಯ ಮೂಲಕ ಸಂಪರ್ಕ: ಸಂಸ್ಥೆಯು ಎಪಿಐ ಎಂಬ ಸಾರ್ವಜನಿಕ ದ್ವಾರವನ್ನು ತೆರೆದಿಟ್ಟಿದ್ದರೆ, ಸ್ಥಳ ಮತ್ತು ದಿನಾಂಕವನ್ನು ಸೂಚಿಸಿ ದತ್ತಾಂಶವನ್ನು ಕೋರುವುದು. ನಾಸಾ ಸಂಸ್ಥೆಯ ಪವರ್ ಸೇವೆ ಇದಕ್ಕೆ ಉತ್ತಮ ಉದಾಹರಣೆ. ಅಕ್ಷಾಂಶ, ರೇಖಾಂಶ ಮತ್ತು ಅವಧಿಯನ್ನು ನೀಡಿದರೆ 1981ರಿಂದೀಚಿನ ದಿನವಹಿ ಮಳೆ, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಆರ್ದ್ರತೆ ಮೊದಲಾದ ಅಂಕಿಗಳು ಉಚಿತವಾಗಿ ದೊರೆಯುತ್ತವೆ.

ಈ ಸೇವೆಯ ಹವಾಮಾನ ದತ್ತಾಂಶದ ಒಂದು ಚೌಕವು ಅಕ್ಷಾಂಶದಲ್ಲಿ ಅರ್ಧ ಡಿಗ್ರಿ, ರೇಖಾಂಶದಲ್ಲಿ 0.625 ಡಿಗ್ರಿ ಇರುತ್ತದೆ. ಅಂದರೆ ನಮ್ಮ ರಾಜ್ಯದಲ್ಲಿ ಸುಮಾರು 55 ಕಿ.ಮೀ. ಉದ್ದ, 67 ಕಿ.ಮೀ. ಅಗಲದ ಪ್ರದೇಶಕ್ಕೆ ಒಂದೇ ಅಂಕಿ. ದೀರ್ಘಾವಧಿಯ ಹವಾಗುಣದ ಅಧ್ಯಯನಕ್ಕೆ ಇದು ಉಪಯುಕ್ತವಾದರೂ ಒಂದು ಹೋಬಳಿಯ ಬಿತ್ತನೆ ನಿರ್ಧಾರಕ್ಕೆ ಸಾಲದು. ಆ ಉದ್ದೇಶಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಂತಹ ಸ್ಥಳೀಯ ದಾಖಲೆಗಳನ್ನೇ ಆಧರಿಸಬೇಕು.

ಜೋಡಣೆಗೆ ಮೊದಲು ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

• ಸರ್ವರ್‌ನ ವಿಳಾಸ ಮತ್ತು ಪೋರ್ಟ್ ಸಂಖ್ಯೆ. ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 5432, ಮೈಎಸ್‌ಕ್ಯೂಎಲ್‌ಗೆ 3306, ಎಸ್‌ಕ್ಯೂಎಲ್ ಸರ್ವರ್‌ಗೆ 1433 ಆಗಿರುತ್ತದೆ.
• ದತ್ತಸಂಚಯದ ಹೆಸರು ಹಾಗೂ ಬಳಸಬೇಕಾದ ಕೋಷ್ಟಕದ ಹೆಸರು.
• ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಓದಲು ಮಾತ್ರ ಅವಕಾಶವಿರುವ ಖಾತೆಯನ್ನೇ ಕೇಳಿ ಪಡೆಯಬೇಕು. ಆಗ ಅರಿವಿಲ್ಲದೆಯೂ ಮೂಲ ದಾಖಲೆ ಅಳಿಸಿಹೋಗುವ ಅಪಾಯವಿರುವುದಿಲ್ಲ.
• ಪ್ರತಿ ಅಂಕಣದ ಅರ್ಥ, ಅಳತೆಯ ಮಾನ ಮತ್ತು ದತ್ತಾಂಶ ಲಭ್ಯವಿಲ್ಲದ ದಿನವನ್ನು ಸೂಚಿಸುವ ಸಂಕೇತದ ವಿವರಣೆ. ಈ ವಿವರಣೆ ಇಲ್ಲದ ದತ್ತಾಂಶವನ್ನು ಸಲಹೆಗೆ ಬಳಸಬಾರದು.

ಎಕ್ಸೆಲ್ ತಂತ್ರಾಂಶದಲ್ಲಿ ಜೋಡಣೆಯ ಹಂತಗಳು

1. ದತ್ತಸಂಚಯಕ್ಕೆ ತಕ್ಕ ಓಡಿಬಿಸಿ ಚಾಲಕ ತಂತ್ರಾಂಶವನ್ನು ಅಳವಡಿಸಬೇಕು. ಎಕ್ಸೆಲ್ 64 ಬಿಟ್‌ನದಾಗಿದ್ದರೆ ಚಾಲಕವೂ 64 ಬಿಟ್‌ನದೇ ಆಗಿರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಯೂನಿಕೋಡ್ ಮತ್ತು ಆನ್ಸಿ ಎಂಬ ಎರಡು ಚಾಲಕಗಳಿದ್ದು, ಕನ್ನಡ ಅಕ್ಷರಗಳು ಸರಿಯಾಗಿ ಕಾಣಲು ಯೂನಿಕೋಡ್ ಚಾಲಕವನ್ನು ಆಯ್ಕೆ ಮಾಡಬೇಕು.

2. ವಿಂಡೋಸ್‌ನ ಓಡಿಬಿಸಿ ವ್ಯವಸ್ಥಾಪಕದಲ್ಲಿ ಸಂಪರ್ಕಕ್ಕೊಂದು ಹೆಸರು ಕೊಟ್ಟು, ಮೇಲಿನ ವಿವರಗಳನ್ನು ನಮೂದಿಸಿ, ‘ಟೆಸ್ಟ್’ ಗುಂಡಿಯಿಂದ ಸಂಪರ್ಕವನ್ನು ಪರೀಕ್ಷಿಸಬೇಕು.

3. ಎಕ್ಸೆಲ್‌ನಲ್ಲಿ ‘ಡೇಟಾ’, ನಂತರ ‘ಗೆಟ್ ಡೇಟಾ’, ‘ಫ್ರಮ್ ಅದರ್ ಸೋರ್ಸಸ್’, ‘ಫ್ರಮ್ ಓಡಿಬಿಸಿ’ ಆಯ್ಕೆಗಳ ಮೂಲಕ ಆ ಸಂಪರ್ಕವನ್ನು ತೆರೆಯಬೇಕು.

4. ಬೇಕಾದ ಕೋಷ್ಟಕವನ್ನು ಗುರುತಿಸಿ ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಬೇಕು. ಅಲ್ಲಿ ಅಗತ್ಯವಿರುವ ಅಂಕಣ, ಅವಧಿ ಮತ್ತು ತಾಲ್ಲೂಕನ್ನು ಮಾತ್ರ ಉಳಿಸಿಕೊಂಡು ಹಾಳೆಗೆ ತರಬೇಕು.

5. ಮರುದಿನ ‘ರಿಫ್ರೆಶ್ ಆಲ್’ ಒತ್ತಿದರೆ ಇವೇ ಹಂತಗಳು ಪುನರಾವರ್ತನೆಯಾಗಿ ಹೊಸ ಅಂಕಿಗಳು ಸೇರಿಕೊಳ್ಳುತ್ತವೆ.

ನಾಲ್ಕನೆಯ ಹಂತವನ್ನು ಬಿಡಬಾರದು. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಷ್ಟೇ ಹಿಡಿಯುತ್ತವೆ. 15 ನಿಮಿಷಕ್ಕೊಮ್ಮೆ ದಾಖಲಿಸುವ ಒಂದು ಮಳೆಮಾಪಕದಿಂದ ವರ್ಷಕ್ಕೆ 35,040 ಸಾಲುಗಳು ಬರುತ್ತವೆ; ಅಂತಹ 30 ಮಾಪಕಗಳ ಒಂದು ವರ್ಷದ ದತ್ತಾಂಶವೇ 10,51,200 ಸಾಲುಗಳಾಗಿ ಹಾಳೆಯ ಮಿತಿಯನ್ನು ಮೀರುತ್ತದೆ. ಆದ್ದರಿಂದ ದಿನವಹಿ ಮೊತ್ತವನ್ನು ದತ್ತಸಂಚಯದಲ್ಲಿಯೇ ಲೆಕ್ಕ ಹಾಕಿಸಿ, ಫಲಿತಾಂಶವನ್ನು ಮಾತ್ರ ತರಿಸಿಕೊಳ್ಳುವುದು ಸೂಕ್ತ.

ಆರ್ ತಂತ್ರಾಂಶದಲ್ಲಿ ಜೋಡಣೆ

ಉಚಿತವಾಗಿ ದೊರೆಯುವ ಆರ್ ತಂತ್ರಾಂಶದಲ್ಲಿ ಡಿಬಿಐ ಎಂಬ ಪ್ಯಾಕೇಜು, ಅದರೊಡನೆ ಓಡಿಬಿಸಿ ಅಥವಾ ಆರ್‌ಪೋಸ್ಟ್‌ಗ್ರೆಸ್ ಪ್ಯಾಕೇಜು ಬೇಕಾಗುತ್ತದೆ. ಸಂಪರ್ಕ ತೆರೆಯುವುದು, ಪ್ರಶ್ನೆಯನ್ನು ಕಳುಹಿಸಿ ಉತ್ತರ ಪಡೆಯುವುದು, ಕೆಲಸ ಮುಗಿದ ಮೇಲೆ ಸಂಪರ್ಕ ಮುಚ್ಚುವುದು, ಹೀಗೆ ಮೂರೇ ಆದೇಶಗಳಲ್ಲಿ ಕೆಲಸ ಪೂರ್ಣಗೊಳ್ಳುತ್ತದೆ. ಸಂಪರ್ಕವನ್ನು ಮುಚ್ಚದೆ ಬಿಟ್ಟರೆ ಸರ್ವರ್‌ನ ಮೇಲೆ ಅನಗತ್ಯ ಹೊರೆ ಬಿದ್ದು ಇತರ ಬಳಕೆದಾರರಿಗೆ ತೊಂದರೆಯಾಗುತ್ತದೆ. ಪಾಸ್‌ವರ್ಡನ್ನು ಆದೇಶಗಳ ಕಡತದಲ್ಲಿಯೇ ಬರೆದಿಡಬಾರದು. ಆ ಕಡತವನ್ನು ಸಹೋದ್ಯೋಗಿಗೆ ಕಳುಹಿಸಿದೊಡನೆ ಪಾಸ್‌ವರ್ಡೂ ಹೊರಗೆ ಹೋಗುತ್ತದೆ. ಅದನ್ನು ಬೇರೆ ಸಂರಚನಾ ಕಡತದಲ್ಲಿಟ್ಟು ಅಲ್ಲಿಂದ ಓದಿಸಿಕೊಳ್ಳಬೇಕು.

ಜೋಡಣೆಯ ನಂತರದ ಪರಿಶೀಲನೆಗಳು

ಅ. ಸಾಲುಗಳ ಎಣಿಕೆ: 30 ಮಳೆಮಾಪಕಗಳ ಜೂನ್ ತಿಂಗಳ ದಿನವಹಿ ದತ್ತಾಂಶದಲ್ಲಿ 900 ಸಾಲುಗಳಿರಬೇಕು. 887 ಇದ್ದರೆ ದಾಖಲೆಗಳು ಬಿಟ್ಟುಹೋಗಿವೆ. 900ಕ್ಕಿಂತ ಹೆಚ್ಚಿದ್ದರೆ ಕೆಲವು ಎರಡು ಬಾರಿ ಸೇರಿವೆ. ಎಣಿಕೆ ಸರಿಯಿದ್ದರೂ ಒಂದೆಡೆ ಬಿಟ್ಟದ್ದು, ಇನ್ನೊಂದೆಡೆ ಇಮ್ಮಡಿಸಿದ್ದು ಸರಿದೂಗಿರಬಹುದಾದ್ದರಿಂದ ಮಾಪಕವಾರು ಎಣಿಕೆಯನ್ನೂ ನೋಡಬೇಕು.

ಆ. ಲಭ್ಯವಿಲ್ಲದ ದತ್ತಾಂಶ: ಇದು ಅತ್ಯಂತ ಮುಖ್ಯವಾದ ಪರಿಶೀಲನೆ. ನಾಸಾ ಪವರ್ ಸೇವೆಯಲ್ಲಿ ಅಂಕಿ ಲಭ್ಯವಿಲ್ಲದ ದಿನಕ್ಕೆ -999 ಎಂದು ನಮೂದಾಗಿರುತ್ತದೆ. ಒಂದೇ ತಿಂಗಳ ಮೊತ್ತದಲ್ಲಿ ಇದು ಸೇರಿಕೊಂಡರೆ ಉತ್ತರ ಋಣಾತ್ಮಕವಾಗಿ ಬಂದು ತಪ್ಪು ಕೂಡಲೇ ಕಾಣುತ್ತದೆ. ಆದರೆ 30 ವರ್ಷಗಳ ಜೂನ್ ಸರಾಸರಿಯಲ್ಲಿ ಇಂತಹ ಒಂದೇ ಒಂದು ಅಂಕಿ ಅಡಗಿದ್ದರೂ ಸರಾಸರಿಯು 33.3 ಮಿ.ಮೀ. ಕುಗ್ಗುತ್ತದೆ. ವಾಸ್ತವದಲ್ಲಿ 90 ಮಿ.ಮೀ. ಇರುವ ಸರಾಸರಿ 57 ಮಿ.ಮೀ. ಎಂದು ತೋರುತ್ತದೆ. ಈ ಅಂಕಿ ನಂಬುವಂತೆಯೇ ಇರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ಜೂನ್ ಬಿತ್ತನೆಗೆ ಯೋಗ್ಯವಲ್ಲವೆಂಬ ತಪ್ಪು ತೀರ್ಮಾನಕ್ಕೆ ಅದು ದಾರಿಯಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಳೆಮಾಪಕ ಕೆಟ್ಟುನಿಂತ ದಿನಗಳ ಖಾಲಿ ಜಾಗವನ್ನು ಸೊನ್ನೆಯೆಂದು ಪರಿಗಣಿಸಿದರೆ ಮಳೆ ಬಂದ ದಿನಗಳೂ ಒಣ ದಿನಗಳಾಗಿ ಲೆಕ್ಕಕ್ಕೆ ಬರುತ್ತವೆ. ಹೊಲದಲ್ಲಿ ತೇವಾಂಶವಿದ್ದಾಗಲೂ ಮೇಲುಗೊಬ್ಬರವನ್ನು ಮುಂದೂಡುವಂತೆ ಸಂದೇಶ ಹೋಗುತ್ತದೆ. ಹದ ತಪ್ಪಿದ ಮೇಲೆ ಆ ನಷ್ಟವನ್ನು ತುಂಬಿಕೊಳ್ಳಲಾಗದು. ಸೊನ್ನೆ ಎಂದರೆ ಮಳೆ ಬಂದಿಲ್ಲ. ಖಾಲಿ ಎಂದರೆ ಅಳತೆ ಆಗಿಲ್ಲ. ಇವೆರಡನ್ನೂ ಕೊನೆಯವರೆಗೆ ಪ್ರತ್ಯೇಕವಾಗಿ ಇಡಬೇಕು.

ಇ. ದಿನದ ಗಡಿ: ಭಾರತ ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಅಳೆದ ಮಳೆಯು ಹಿಂದಿನ 24 ಗಂಟೆಗಳದ್ದಾಗಿರುತ್ತದೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕುವ ದತ್ತಾಂಶದೊಡನೆ ಇದನ್ನು ದಿನಕ್ಕೆ ದಿನ ಹೋಲಿಸಿದರೆ ಮಳೆಯು ಒಂದು ದಿನ ಹಿಂದುಮುಂದಾಗಿ ಕಾಣುತ್ತದೆ. ವಾರದ ಮೊತ್ತಗಳನ್ನು ಹೋಲಿಸುವುದು ಮೇಲು. 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಮಾತ್ರ ಮಳೆ ದಿನವೆಂದು ಎಣಿಸಬೇಕು.

ಈ. ಊರಿನ ಹೆಸರು ಮತ್ತು ಸಂಕೇತ: ಎರಡು ಕೋಷ್ಟಕಗಳನ್ನು ಹೆಸರಿನ ಆಧಾರದ ಮೇಲೆ ಜೋಡಿಸಬಾರದು. ಹಳೆಯ ದಾಖಲೆಯಲ್ಲಿ ‘ಬೆಲ್ಲಾರಿ’, ಹೊಸದರಲ್ಲಿ ‘ಬಳ್ಳಾರಿ’ ಎಂಬ ಇಂಗ್ಲಿಷ್ ಕಾಗುಣಿತವಿದ್ದರೆ ತಂತ್ರಾಂಶಕ್ಕೆ ಅವು ಎರಡು ಬೇರೆ ಊರುಗಳು. ಆಡಳಿತ ಗಡಿಗಳೂ ಬದಲಾಗಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ತಾಲ್ಲೂಕು ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೆಸರನ್ನು ನಂಬಿ ಜಿಲ್ಲಾವಾರು ಮೊತ್ತ ತೆಗೆದರೆ ಒಂದೇ ತಾಲ್ಲೂಕಿನ ಮಳೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಜಿಲ್ಲೆಗಳ ಖಾತೆಗೆ ಹೋಗುತ್ತದೆ. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಗ್ರಾಮ ಮತ್ತು ಪಂಚಾಯಿತಿಗೆ ನೀಡಿರುವ ಸಂಕೇತ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಉ. ಅಳತೆಯ ಮಾನ: ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಹೆಕ್ಟೇರಿಗೆ 100 ಕಿ.ಗ್ರಾಂ. ಎಂಬ ಶಿಫಾರಸು ಎಕರೆಗೆ ಸುಮಾರು 40 ಕಿ.ಗ್ರಾಂ. ಆಗುತ್ತದೆ. ಅಂಕಣದ ತಲೆಬರಹದಲ್ಲಿ ಮಾನವನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ ರೈತರು ಎರಡೂವರೆ ಪಟ್ಟು ಗೊಬ್ಬರ ಹಾಕುವ ಸಂಭವವಿದೆ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

• ಸಂಪರ್ಕವೇ ಸಾಧ್ಯವಾಗುತ್ತಿಲ್ಲ: ಸರ್ವರ್ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಅವು ಸರಿಯಿದ್ದರೆ ಕಚೇರಿಯ ಫೈರ್‌ವಾಲ್ ಆ ಪೋರ್ಟನ್ನು ತಡೆದಿರಬಹುದು. ಜಾಲ ನಿರ್ವಾಹಕರನ್ನು ಸಂಪರ್ಕಿಸಿ.
• ಓಡಿಬಿಸಿ ಪಟ್ಟಿಯಲ್ಲಿ ಚಾಲಕ ಕಾಣುತ್ತಿಲ್ಲ: 32 ಬಿಟ್ ಮತ್ತು 64 ಬಿಟ್‌ಗಳ ಹೊಂದಾಣಿಕೆ ಇಲ್ಲದಿರುವುದು ಸಾಮಾನ್ಯ ಕಾರಣ.
• ಕನ್ನಡ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ: ಸಂಪರ್ಕ ಯೂನಿಕೋಡ್‌ನಲ್ಲಿದೆಯೇ ನೋಡಿ. ಮೂಲ ದಾಖಲೆಯೇ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿದ್ದರೆ, ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಬೇಕು.
• ಸರ್ವೆ ನಂಬರ್ ದಿನಾಂಕವಾಗಿ ಬದಲಾಗಿದೆ: ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ 12/3 ಎಂಬ ಸರ್ವೆ ನಂಬರ್ ದಿನಾಂಕವಾಗುತ್ತದೆ. ‘ಗೆಟ್ ಡೇಟಾ’ ಮೂಲಕ ತಂದು ಆ ಅಂಕಣವನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.
• ಉತ್ತರ ಬರಲು ಬಹಳ ಸಮಯ ಹಿಡಿಯುತ್ತದೆ: ಇಡೀ ಕೋಷ್ಟಕದ ಬದಲು ನಿಗದಿತ ಅವಧಿ ಮತ್ತು ತಾಲ್ಲೂಕಿನ ದತ್ತಾಂಶವನ್ನಷ್ಟೇ ಕೋರಿ.

ರೈತರ ವೈಯಕ್ತಿಕ ಮಾಹಿತಿಯ ರಕ್ಷಣೆ

ಬೆಳೆ ಅಥವಾ ಫಲಾನುಭವಿಗಳ ದತ್ತಸಂಚಯದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳು ಇರಬಹುದು. ಹೋಬಳಿವಾರು ವಿಶ್ಲೇಷಣೆಗೆ ಇವುಗಳ ಅಗತ್ಯವಿಲ್ಲ; ಆದ್ದರಿಂದ ಈ ಅಂಕಣಗಳನ್ನು ತರಿಸಿಕೊಳ್ಳಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯವೂ ಇದೇ ಆಗಿದೆ. ಜೋಡಣೆ ಮಾಡಿದ ಎಕ್ಸೆಲ್ ಕಡತವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬಾರದು. ಅಂತಿಮ ಕೋಷ್ಟಕವನ್ನು ಮಾತ್ರ ಪ್ರತ್ಯೇಕ ಕಡತವಾಗಿ ನೀಡಬೇಕು.

ರೈತ ಬಾಂಧವರು ಕೇಳಬೇಕಾದ ಪ್ರಶ್ನೆಗಳು

ಮಳೆ ಆಧಾರಿತ ಸಲಹೆ ಕೈಸೇರಿದಾಗ ರೈತರು ಈ ಕೆಳಗಿನ ವಿವರಗಳನ್ನು ಕೇಳಿ ತಿಳಿದುಕೊಳ್ಳಬಹುದು.

1. ಈ ಅಂಕಿ ಯಾವ ಮಳೆಮಾಪಕದ್ದು? ಅದು ನಮ್ಮ ಹೊಲದಿಂದ ಎಷ್ಟು ದೂರದಲ್ಲಿದೆ?
2. ದತ್ತಾಂಶವು ಯಾವ ದಿನಾಂಕದವರೆಗಿನದು?
3. ಈ ಅವಧಿಯಲ್ಲಿ ಅಳತೆಯಾಗದ ದಿನಗಳು ಎಷ್ಟಿವೆ?
4. ಶಿಫಾರಸಿನ ಪ್ರಮಾಣ ಎಕರೆಗೋ, ಹೆಕ್ಟೇರಿಗೋ?

ವಿಸ್ತರಣಾ ಕಾರ್ಯಕರ್ತರು ಈ ನಾಲ್ಕು ಉತ್ತರಗಳನ್ನು ಸಲಹೆಯ ಕೆಳಗೆ ತಾವಾಗಿಯೇ ನಮೂದಿಸುವುದು ಉತ್ತಮ ಪದ್ಧತಿ. ಹೊಸ ಜೋಡಣೆಯನ್ನು ಬಳಕೆಗೆ ತರುವ ಮುನ್ನ, ಒಂದು ಮಳೆಮಾಪಕದ ಒಂದು ತಿಂಗಳ ಅಂಕಿಗಳನ್ನು ಆ ಕೇಂದ್ರದ ಮಳೆ ದಾಖಲೆ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಎರಡೂ ಹೊಂದಿಕೆಯಾದ ನಂತರವೇ ಅದರ ಆಧಾರದ ಮೇಲೆ ಸಲಹೆ ಹೊರಡಿಸಬೇಕು.