ಹಿತ್ತಲಿನ ಹುಳುಗಳೂ ಅಂಗೈಯೊಳಗಿನ ಮಸೂರವೂ

ಮಳೆಗಾಲ ಆರಂಭವಾಯಿತೆಂದರೆ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳ ಮಕ್ಕಳಿಂದಲೂ ನನ್ನ ಮೊಬೈಲಿಗೆ ಚಿತ್ರಗಳು ಬರತೊಡಗುತ್ತವೆ. ದಾಸವಾಳದ ಮೊಗ್ಗಿನ ಮೇಲಿನ ಇರುವೆ, ಕರಿಬೇವಿನ ಎಲೆಯ ಹಸಿರು ಹುಳು, ಬೇಲಿಯ ತುದಿಯಲ್ಲಿ ಕುಳಿತ ಏರೋಪ್ಲೇನ್ ಚಿಟ್ಟೆ. ಜೊತೆಗೆ ಒಂದೇ ಪ್ರಶ್ನೆ: "ಸರ್, ಇದು ಯಾವ ಹುಳ ಐತ್ರಿ?" ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ನಮ್ಮ ಧಾರವಾಡದಲ್ಲಿ ಇಂಥ ಪ್ರಶ್ನೆಗಳಿಗೆ ಕೊರತೆಯಿಲ್ಲ. ಸಣ್ಣ ಜೀವವನ್ನು ದೊಡ್ಡದಾಗಿ ಕಾಣುವ ಸೌಲಭ್ಯ ಸಾಮಾನ್ಯರ ಕೈಗೆ ಬಂದ ಬಗೆಯನ್ನೂ ಅದರ ಪ್ರಯೋಜನವನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಒಂದು ಚಿಗಟದ ಚಿತ್ರವಿದೆ. ಪುಸ್ತಕದ ಅಳತೆಗೆ ಹಿಡಿಯದೆ, ಮಡಚಿ ಸೇರಿಸಿದ ದೊಡ್ಡ ಹಾಳೆಯ ಮೇಲೆ ಅದನ್ನು ಅಚ್ಚು ಹಾಕಿದ್ದರು. ಕಚ್ಚಿದಾಗ ಮಾತ್ರ ಅರಿವಿಗೆ ಬರುತ್ತಿದ್ದ ಜೀವಿಯೊಂದು ಕವಚ ತೊಟ್ಟ ಯೋಧನಂತೆ ಓದುಗರ ಮುಂದೆ ನಿಂತಿತು. ಅದೇ ಕಾಲಕ್ಕೆ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದನು. ಕಾಳಿನಷ್ಟು ಚಿಕ್ಕದಾದ ಒಂದೇ ಒಂದು ಗಾಜಿನ ಮಸೂರವನ್ನು ಲೋಹದ ತಗಡಿನಲ್ಲಿ ಕೂಡಿಸಿ, ಇನ್ನೂರು ಪಟ್ಟಿಗೂ ಹೆಚ್ಚು ಹಿಗ್ಗಿಸಿ ನೋಡಬಲ್ಲವನಾಗಿದ್ದನು. ಈ ಒಂಟಿ ಮಸೂರವನ್ನು ನೆನಪಿನಲ್ಲಿಡಿ. ಮುಂದೆ ಅದರ ಪ್ರಸ್ತಾಪ ಬರಲಿದೆ.

ನಮ್ಮ ಸೀಮೆಯಲ್ಲಿ ಕೀಟಗಳ ವ್ಯವಸ್ಥಿತ ಅಧ್ಯಯನ ನಡೆದುದು ನೆರೆಯ ಉತ್ತರ ಕನ್ನಡದಲ್ಲಿ. ಆಗ ಅದೂ ಧಾರವಾಡದಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಡೇವಿಡ್ಸನ್, ಬೆಲ್ ಮತ್ತು ಏಟ್ಕನ್ ಎಂಬ ಮೂವರು ಅಧಿಕಾರಿಗಳು ಅಲ್ಲಿಯ ಚಿಟ್ಟೆಗಳನ್ನು ಕುರಿತು 1890ರ ದಶಕದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯ ಪತ್ರಿಕೆಯಲ್ಲಿ ಬರೆದರು. ಅವರು ಚಿಟ್ಟೆ ಹಿಡಿದು ಗುಂಡುಸೂಜಿಗೆ ಚುಚ್ಚಿದಷ್ಟಕ್ಕೇ ನಿಲ್ಲಲಿಲ್ಲ. ಮರಿಹುಳುಗಳನ್ನು ಮನೆಯಲ್ಲಿ ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಮುಂದೆ ಯಾವ ಚಿಟ್ಟೆಯಾಗುತ್ತದೆ ಎಂಬುದನ್ನು ತಾಳ್ಮೆಯಿಂದ ದಾಖಲಿಸಿದರು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲಿಯೇ ನೆಲೆಸಿ 1948ರಲ್ಲಿ ತೀರಿಕೊಂಡರು. ಇವರ ಕಾಲದ ಕೀಟಶಾಸ್ತ್ರಕ್ಕೆ ಬಲೆ, ವಿಷದ ಸೀಸೆ, ಸೂಜಿ ಮತ್ತು ಚಿತ್ರಕಾರನ ಕುಂಚ ಅನಿವಾರ್ಯವಾಗಿದ್ದವು. ಕೀಟವನ್ನು ತಿಳಿಯಬೇಕಾದರೆ ಬಹುಮಟ್ಟಿಗೆ ಅದನ್ನು ಕೊಲ್ಲಲೇಬೇಕಾಗಿತ್ತು.

ಛಾಯಾಗ್ರಹಣ ಬಂದಮೇಲೂ ಸಾಮಾನ್ಯರ ಪಾಲಿಗೆ ಸ್ಥಿತಿ ಬೇಗನೆ ಬದಲಾಗಲಿಲ್ಲ. ಹತ್ತಿರದ ವಸ್ತುವನ್ನು ದೊಡ್ಡದಾಗಿ ತೆಗೆಯಲು ವಿಶೇಷ ಮಸೂರ ಬೇಕು. ಇಲ್ಲವೇ ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಉಂಗುರಗಳನ್ನು ಜೋಡಿಸಬೇಕು. ಒಂದು ಫಿಲ್ಮ್ ಸುರುಳಿಯಲ್ಲಿ ಮೂವತ್ತಾರು ಚಿತ್ರಗಳು ಮಾತ್ರ. ತೊಳೆದು ಬರುವವರೆಗೆ ಏನು ಸಿಕ್ಕಿದೆಯೆಂದು ತಿಳಿಯುತ್ತಿರಲಿಲ್ಲ. ಅಂಥ ಕಾಲದಲ್ಲಿ ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ಒಂದು ಕೈಯಲ್ಲಿ ಕ್ಯಾಮೆರಾವನ್ನೂ ಇನ್ನೊಂದು ಕೈಯಲ್ಲಿ ಲೇಖನಿಯನ್ನೂ ಹಿಡಿದು ಕನ್ನಡಿಗರಿಗೆ ನಿಸರ್ಗವನ್ನು ಪರಿಚಯಿಸಿದರು. ವಿಜ್ಞಾನಿಯಾದ ಅವರು ಬರೆದುದು ನಮ್ಮ ತಿಳಿಗನ್ನಡದಲ್ಲಿ. ಆದರೆ ಶಾಲೆಯಲ್ಲಿದ್ದ ನಮ್ಮ ಬಳಿ ಇದ್ದುದು ಒಂದು ಭೂತಗನ್ನಡಿ, ಒಂದು ಪೆನ್ಸಿಲ್. ಮಿಡತೆಯ ಕಾಲಿನ ಮುಳ್ಳುಗಳನ್ನು ಎಣಿಸಿ ವಹಿಯಲ್ಲಿ ಬರೆದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

2000ದಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನು ಮಾರುಕಟ್ಟೆಗೆ ಬಂದಿತು. ಅದರ ಸಾಮರ್ಥ್ಯ ಕೇವಲ 0.11 ಮೆಗಾಪಿಕ್ಸೆಲ್. ಇಂದಿನ ಫೋನುಗಳು ಬಹುದೂರ ಸಾಗಿವೆ. 2021ರ ಐಫೋನ್ 13 ಪ್ರೊ ಎರಡೇ ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯಿತು. ಫೋನಿನ ಮಸೂರವೂ ಅದರ ಹಿಂದಿರುವ ಬೆಳಕಿನ ಫಲಕವೂ ತೀರ ಚಿಕ್ಕವು. ಆದುದರಿಂದ ದೊಡ್ಡ ಕ್ಯಾಮೆರಾದಲ್ಲಿ ಕಣ್ಣು ಮಾತ್ರ ಸ್ಪಷ್ಟವಾಗಿ ಮೈ ಮಸುಕಾಗುವಲ್ಲಿ, ಫೋನಿನ ಚಿತ್ರದಲ್ಲಿ ಹುಳುವಿನ ಹೆಚ್ಚಿನ ಭಾಗ ಸ್ಪಷ್ಟವಾಗಿ ಮೂಡುತ್ತದೆ. ಸಾಲದಿದ್ದರೆ ಚಿಮಟಿಯಂತೆ ಸಿಕ್ಕಿಸುವ ಮ್ಯಾಕ್ರೋ ಮಸೂರಗಳು ಅಲ್ಪ ಬೆಲೆಗೆ ದೊರೆಯುತ್ತವೆ. 2014ರಲ್ಲಿ ಭಾರತೀಯ ಮೂಲದ ಮನು ಪ್ರಕಾಶರ ತಂಡ ಅಮೆರಿಕೆಯಲ್ಲಿ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಅನ್ನು ಫೋನಿಗೆ ಅಂಟಿಸಿ ಚಿತ್ರ ತೆಗೆಯಬಹುದು. ಅದರಲ್ಲಿರುವುದೂ ಒಂದು ಪುಟ್ಟ ಗಾಜಿನ ಗುಂಡು. ಲೇವನ್‌ಹುಕ್ ನಂಬಿದ್ದ ಒಂಟಿ ಮಸೂರವೇ ಮೂರೂವರೆ ಶತಮಾನದ ನಂತರ ಮಕ್ಕಳ ಕೈಗೆ ಮರಳಿದೆ.

ಇದರಿಂದ ಚಂದದ ಚಿತ್ರವಲ್ಲದೆ ಬೇರೇನು ಲಾಭ? ಗುಲಗಂಜಿ ಹುಳುವನ್ನು ಎಲ್ಲರೂ ಬಲ್ಲರು. ಅದರ ಮರಿ ಮಾತ್ರ ತಾಯಿಯನ್ನು ಕಿಂಚಿತ್ತೂ ಹೋಲುವುದಿಲ್ಲ. ಕಪ್ಪಾಗಿ, ಉದ್ದವಾಗಿ, ಪುಟ್ಟ ಮೊಸಳೆಯಂತಿರುತ್ತದೆ. ಗಿಡದ ರಸ ಹೀರುವ ಸಸ್ಯಹೇನುಗಳನ್ನು ತಿಂದು ಮುಗಿಸುವುದು ಅದೇ. ಆದರೆ ಹೇನಿನ ನಡುವೆ ಅದನ್ನು ಕಂಡವರು ಶತ್ರುವೆಂದು ಹೊಸಕುತ್ತಾರೆ, ಇಲ್ಲವೇ ಔಷಧ ಸಿಂಪಡಿಸುತ್ತಾರೆ. ಮರುವಾರ ಹೇನು ಇಮ್ಮಡಿಯಾಗುತ್ತದೆ.

ಹೊಲದಲ್ಲಿ ಈ ಗುರುತಿನ ಬೆಲೆ ಇನ್ನೂ ದೊಡ್ಡದು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲಿ ಅಲ್ಲಿಯ ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿದರು. ಧಾರವಾಡ-ಹಾವೇರಿ ಭಾಗದ ರೈತನಿಗೆ ಗೋವಿನಜೋಳವೆಂದರೆ ವರ್ಷದ ಗಳಿಕೆ. ಬಲಿತ ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆಗಳು: ಇವೇ ಅದರ ಲಕ್ಷಣ. ಬರಿಗಣ್ಣಿಗೆ ತಪ್ಪಿಹೋಗುವ ಈ ಗುರುತುಗಳು ಒಂದು ಸ್ಪಷ್ಟ ಚಿತ್ರದಲ್ಲಿ ಎದ್ದು ಕಾಣುತ್ತವೆ. ಬದುವಿನ ಮೇಲೆ ನಿಂತ ರೈತನ ಮಗ ಆ ಚಿತ್ರವನ್ನು ಅಂದೇ ಕೃಷಿ ವಿಶ್ವವಿದ್ಯಾಲಯದ ತಜ್ಞರಿಗೆ ಕಳುಹಿಸಬಲ್ಲನು. ಹುಳು ಸುಳಿಯೊಳಗೆ ಆಳಕ್ಕಿಳಿದ ಮೇಲೆ ಔಷಧವೂ ತಲುಪದು. ಆದುದರಿಂದ ಇಲ್ಲಿ ಒಂದು ವಾರ ಮುಂಚೆ ತಿಳಿಯುವುದೇ ಬೆಳೆ ಉಳಿಯುವ ದಾರಿ.

ಚಿತ್ರ ತೆಗೆಯುವ ಮಕ್ಕಳಿಗೆ ಕೆಲವು ಕಿವಿಮಾತು. ಮುಂಜಾನೆ ಹೋಗಿರಿ, ತಂಪಿನಲ್ಲಿ ಕೀಟಗಳು ಬೇಗ ಹಾರಲಾರವು. ನಿಮ್ಮ ನೆರಳು ಅವುಗಳ ಮೇಲೆ ಬೀಳದಿರಲಿ. ಮೊಣಕೈಯನ್ನು ಮೊಣಕಾಲಿಗೆ ಊರಿ ಉಸಿರು ಬಿಗಿಹಿಡಿದರೆ ಕೈ ನಡುಗುವುದಿಲ್ಲ. ಬಿಸಿಲು ಜೋರಾಗಿದ್ದರೆ ಬಿಳಿಯ ಕಾಗದವನ್ನು ಅಡ್ಡ ಹಿಡಿಯಿರಿ. ಒಂದು ಚಿತ್ರ ಮೇಲಿನಿಂದ, ಒಂದು ಪಕ್ಕದಿಂದ ಇರಲಿ. ತಾರೀಖು, ಊರು, ಮುಖ್ಯವಾಗಿ ಹುಳು ಕುಳಿತ ಗಿಡದ ಹೆಸರನ್ನು ಬರೆದಿಡಿ. ನೂರು ವರ್ಷಗಳ ಹಿಂದಿನ ಬೆಲ್ ಅವರ ಬರಹಗಳು ಇಂದಿಗೂ ಬೆಲೆಯುಳ್ಳವಾಗಿರುವುದು ಅವರು ಗಿಡದ ಹೆಸರನ್ನು ಬರೆದಿಟ್ಟುದರಿಂದಲೇ.

ಇನ್ನು ಮೇಲೆ ಹೆಸರು ಕೇಳಿ ಚಿತ್ರ ಕಳುಹಿಸುವಾಗ ಗಿಡ ಯಾವುದೆಂಬುದನ್ನೂ ತಿಳಿಸಿದರೆ ನನಗೂ ಉತ್ತರಿಸಲು ಅನುಕೂಲ.