ಎಲ್ವಿಸ್ ಓಡಿಸಿದ ಕಾರು ಕುಂಬಳಕಾಯಿ ಗೋದಾಮಲ್ಲಿ ಸಿಕ್ಕಿತು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಇದನ್ನ ಕೇಳ್ತಿದ್ರೆ, ಮೊದಲು ಒಂದು ಪ್ರಶ್ನೆ. ಒಂದು ಹಳೇ ಕಾರು ಯಾರದ್ದು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರದ್ದು ಅಂತೀರಿ. ಸರಿ. ಆದ್ರೆ ಆ ಕಾರಿನ ಕಥೆ ಯಾರದ್ದು?

ನಾನು ಬಿಕಾಂ ಓದಿದವಳು. ನಮಗೆ ಕಾರು ಅಂದ್ರೆ ಅಕೌಂಟ್ಸ್ ಪುಸ್ತಕದ ಡಿಪ್ರಿಸಿಯೇಷನ್ ಲೆಕ್ಕ. ವರ್ಷ ವರ್ಷ ಬೆಲೆ ಇಳಿಸ್ತಾ ಹೋಗು, ಕೊನೆಗೆ ಗುಜರಿ ಬೆಲೆ ಉಳಿಸು, ಮುಗೀತು. ಇವತ್ತು ಹೇಳ್ತಿರೋ ಕಾರು ಈ ಲೆಕ್ಕಕ್ಕೆ ಸಿಕ್ಕಿದ್ದೇ ಇಲ್ಲ. ಅದು ಮೇಲಿನ ಟಾಪ್ ಮಡಚಿ ಗಾಳಿಗೆ ಮುಖ ಕೊಟ್ಟು ಓಡಿಸೋ ಎರಡು ಸೀಟಿನ ಕಾರು, ಬಿಎಂಡಬ್ಲ್ಯು 507. ಚಾಸಿ ನಂಬರ್ 70079.

ಮೊದಲು ಕಂಪನಿ ಕಥೆ. 1950ರ ದಶಕದಲ್ಲಿ ಅಮೆರಿಕಕ್ಕೆ ಯುರೋಪಿನ ಕಾರುಗಳನ್ನ ತರಿಸ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಅನ್ನೋ ವ್ಯಾಪಾರಿ ಬಿಎಂಡಬ್ಲ್ಯುಗೆ ಒಂದು ಮಾತು ಹೇಳಿದ: ಒಂದು ಚಂದದ ಸ್ಪೋರ್ಟ್ಸ್ ಕಾರು ಮಾಡಿ, ಬೆಲೆ 5,000 ಡಾಲರ್ ಆಸುಪಾಸಲ್ಲಿರಲಿ, ಸಾವಿರಗಟ್ಟಲೆ ಮಾರಿಕೊಡ್ತೀನಿ. ಆಲ್ಬ್ರೆಕ್ಟ್ ಗೋರ್ಟ್ಜ್ ಡಿಸೈನ್ ಮಾಡಿದ್ರು. ಕಾರು ನಿಜಕ್ಕೂ ಚಂದ ಬಂತು. 3.2 ಲೀಟರ್‌ನ ವಿ8 ಎಂಜಿನ್, 150 ಹಾರ್ಸ್‌ಪವರ್. ಆದ್ರೆ ಅಲ್ಯೂಮಿನಿಯಂ ಬಾಡಿಯನ್ನ ಕೈಯಲ್ಲೇ ಬಡಿದು ಮಾಡಬೇಕಿತ್ತು. ಖರ್ಚು ಏರಿ ಏರಿ ಅಮೆರಿಕದಲ್ಲಿ ಬೆಲೆ ಹತ್ತು ಸಾವಿರ ಡಾಲರ್ ಹತ್ತಿರ ಹೋಯ್ತು. ಒಟ್ಟು ತಯಾರಾಗಿದ್ದು ಸುಮಾರು 250 ಕಾರು, ಅಷ್ಟೇ. ಪ್ರತಿ ಕಾರಿನ ಮೇಲೂ ನಷ್ಟ. ಬೇರೆ ಮಾಡೆಲ್‌ಗಳ ನಷ್ಟವೂ ಸೇರಿ 1959ರ ಡಿಸೆಂಬರ್‌ನಲ್ಲಿ ಡೈಮ್ಲರ್ ಬೆಂಜ್ ಬಿಎಂಡಬ್ಲ್ಯುವನ್ನೇ ನುಂಗೋ ಹಂತಕ್ಕೆ ಬಂತು. ಸಣ್ಣ ಷೇರುದಾರರು ಸಭೆಯಲ್ಲಿ ಗಲಾಟೆ ಮಾಡಿ ಅದನ್ನ ತಡೆದರು. ಆಮೇಲೆ ಹರ್ಬರ್ಟ್ ಕ್ವಾಂಟ್ ಇನ್ನಷ್ಟು ದುಡ್ಡು ಹಾಕಿ ಕಂಪನಿ ಉಳಿಸಿದರು.

ಈಗ ನಮ್ಮ 70079. ಇದು 1957ರಲ್ಲಿ ತಯಾರಾದ ಬಿಳಿ ಕಾರು. ಜರ್ಮನಿಯ ಹೆಸರಾಂತ ರೇಸರ್ ಹಾನ್ಸ್ ಸ್ಟುಕ್ ಇದನ್ನ ಬೆಟ್ಟದ ದಾರಿ ಹತ್ತೋ ರೇಸ್‌ಗಳಲ್ಲಿ ಓಡಿಸಿದರು. ಆಗ ಅವರಿಗೆ 57 ವರ್ಷ!

1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇನೆಯ ಒಬ್ಬ ಸಿಪಾಯಿ ಜರ್ಮನಿಗೆ ಬಂದ. ಹೆಸರು ಎಲ್ವಿಸ್ ಪ್ರೀಸ್ಲಿ. ಕಡ್ಡಾಯ ಸೇನಾ ಸೇವೆ, ಸ್ಟಾರ್ ಆದ್ರೂ ಬಿಡಲ್ಲ. ಡ್ಯೂಟಿ ಫ್ರೀಡ್‌ಬರ್ಗ್‌ನಲ್ಲಿ, ಮನೆ ಪಕ್ಕದ ಬಾಡ್ ನೌಹೈಮ್‌ನಲ್ಲಿ. ಆ ಡಿಸೆಂಬರ್‌ನಲ್ಲಿ ಈ ಬಿಳಿ ಕಾರು ಅವನ ಕೈಗೆ ಬಂತು. ಹುಡುಗಿಯರು ಕಾರಿನ ಮೇಲೆಲ್ಲ ಲಿಪ್‌ಸ್ಟಿಕ್‌ನಲ್ಲಿ ಪ್ರೀತಿಯ ಮಾತು ಬರೆದು ಹೋಗೋರು. ಎಷ್ಟು ಒರೆಸೋದು? ಕೊನೆಗೆ ಎಲ್ವಿಸ್ ಕಾರಿಗೆ ಕೆಂಪು ಬಣ್ಣ ಹೊಡೆಸಿಬಿಟ್ಟ. ಕೆಂಪಿನ ಮೇಲೆ ಕೆಂಪು ಕಾಣಲ್ವಲ್ಲ!

1960ರ ಮಾರ್ಚ್‌ನಲ್ಲಿ ಅವನು ಅಮೆರಿಕಕ್ಕೆ ವಾಪಸ್ ಹೋದ. ಕಾರನ್ನ ಬಿಟ್ಟುಕೊಟ್ಟ. ಅದು ಅಟ್ಲಾಂಟಿಕ್ ದಾಟಿ ಅಲಬಾಮಾದ ಒಬ್ಬ ರೇಡಿಯೋ ನಿರೂಪಕರ ಕೈಸೇರಿತು. ಅವರಿಗೆ ಬೇಕಿದ್ದಿದ್ದು ರೇಸ್. ಮೂಲ ಎಂಜಿನ್ ತೆಗೆದು ಷೆವ್ರೊಲೆ ಎಂಜಿನ್ ಕೂರಿಸಿದ್ರು, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಕೂಡ ಬದಲಾಯಿಸಿದ್ರು. ಈಗಿನವರು ಕೇಳಿದ್ರೆ ಎದೆ ಬಡಿದುಕೊಳ್ತಾರೆ. ಆಗ ಅದು ಬರೀ ಒಂದು ಸೆಕೆಂಡ್ ಹ್ಯಾಂಡ್ ಕಾರು.

1968ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರ್ ಇದನ್ನ ಕೊಂಡ್ಕೊಂಡ್ರು. ಸ್ವಲ್ಪ ಕಾಲ ಓಡಿಸಿ, ಮುಂದೊಂದು ದಿನ ನಾನೇ ರಿಪೇರಿ ಮಾಡ್ತೀನಿ ಅಂತ ಹಾಫ್ ಮೂನ್ ಬೇ ಕಡೆ ಕುಂಬಳಕಾಯಿ ಇಡೋ ಗೋದಾಮಿನಲ್ಲಿ ನಿಲ್ಲಿಸಿದ್ರು. ಬಿಡಿಭಾಗ ಸಿಕ್ಕಾಗಲೆಲ್ಲ ಕೂಡಿಟ್ಟರು. ದಶಕಗಳು ಹೋದವು.

ಎಲ್ವಿಸ್‌ನ ಆ ಕಾರು ಎಲ್ಲಿ ಹೋಯ್ತು ಅಂತ ಒಬ್ಬ ಪತ್ರಕರ್ತೆ ಬಿಎಂಡಬ್ಲ್ಯು ಅಭಿಮಾನಿಗಳ ಮ್ಯಾಗಜೀನ್‌ನಲ್ಲಿ ಬರೆದ್ರು. ಅದನ್ನ ಓದಿದ ಎಂಜಿನಿಯರ್ ಅವರನ್ನ ಸಂಪರ್ಕಿಸಿದ್ರು. ನಮ್ಮ ಆರ್‌ಟಿಒದಲ್ಲಿ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ನಂಬರ್ ಅಚ್ಚು ತಗೋತಾರಲ್ಲ, ಗೊತ್ತಾ? ಬಣ್ಣ ಬದಲಾಗುತ್ತೆ, ಎಂಜಿನ್ ಬದಲಾಗುತ್ತೆ, ಆದ್ರೆ ಚಾಸಿ ನಂಬರ್ ಹಾಗೇ ಇರುತ್ತೆ. ಇಲ್ಲೂ ಅಷ್ಟೇ. ನೋಡಿದ್ರೆ 70079. ಸ್ಟುಕ್ ಓಡಿಸಿದ, ಎಲ್ವಿಸ್ ಓಡಿಸಿದ ಅದೇ ಕಾರು.

2014ರಲ್ಲಿ ಕಾರು ಮ್ಯೂನಿಕ್‌ಗೆ ಬಂತು. ಮೂಲ ಎಂಜಿನ್ ಇಲ್ಲ, ತಳ ತುಕ್ಕು ಹಿಡಿದಿದೆ, ಸೀಟು ಹರಿದಿವೆ. ಮೊದಲು ಇದ್ದ ಸ್ಥಿತಿಯಲ್ಲೇ ಬಿಎಂಡಬ್ಲ್ಯು ಮ್ಯೂಸಿಯಂನಲ್ಲಿ ಜನರಿಗೆ ತೋರಿಸಿ, ಆಮೇಲೆ ಕೆಲಸಕ್ಕೆ ಕೈಹಾಕಿದ್ರು. ಬಾಡಿ ಕೈಯಲ್ಲಿ ಮಾಡಿದ್ದು ಅಂದೆನಲ್ಲ? ಹಾಗಾಗಿ ಒಂದು 507ನ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಬಿಡಿಭಾಗ ಜೋಡಿಸಿ ಎಂಜಿನ್ ಹೊಸದಾಗಿ ಕಟ್ಟಿದ್ರು. ಬಾಗಿಲ ಹಿಡಿ, ಗ್ಲಾಸ್ ಇಳಿಸೋ ಹ್ಯಾಂಡಲ್ ತ್ರೀಡಿ ಪ್ರಿಂಟ್ ಮಾಡಿದ್ರು. ಸುಮಾರು ಎರಡು ವರ್ಷದ ಕೆಲಸ. 2016ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಕಾರು ಮತ್ತೆ ಹೊರಗೆ ಬಂತು, ಬಿಳಿ ಬಣ್ಣದಲ್ಲಿ.

ಆ ಎಂಜಿನಿಯರ್ ಅದನ್ನ ನೋಡಲಿಲ್ಲ. 2014ರ ನವೆಂಬರ್‌ನಲ್ಲೇ ತೀರಿಕೊಂಡಿದ್ರು.

ನನ್ನನ್ನ ಕಾಡೋದು ಇದೇ. ಎಲ್ವಿಸ್ ಹತ್ರ ಈ ಕಾರು ಇದ್ದಿದ್ದು ಸುಮಾರು 15 ತಿಂಗಳು. ಎಂಜಿನಿಯರ್ ಹತ್ರ 46 ವರ್ಷ. ಆದ್ರೆ ರಿಪೇರಿ ಆಗಿದ್ದು ಎಲ್ವಿಸ್ ಕೈಗೆ ಬಂದ ದಿನದ ರೂಪಕ್ಕೆ. ಲಿಪ್‌ಸ್ಟಿಕ್‌ಗೆ ಹೆದರಿ ಅವನೇ ಹೊಡೆಸಿದ ಕೆಂಪು ಬಣ್ಣವೂ ಇಲ್ಲ, ಅಲಬಾಮಾದ ಷೆವ್ರೊಲೆ ಎಂಜಿನ್ನೂ ಇಲ್ಲ, ಗೋದಾಮಿನ ಧೂಳೂ ಇಲ್ಲ. ಹಳೇದನ್ನ ಸರಿಮಾಡೋದು ಅಂದ್ರೆ ಯಾರ ಕಾಲವನ್ನ ಉಳಿಸಬೇಕು, ಯಾರದ್ದನ್ನ ಒರೆಸಬೇಕು ಅಂತ ತೀರ್ಮಾನ ಮಾಡೋದೂ ಹೌದು. ನಾನು ಬಿಎಂಡಬ್ಲ್ಯುದು ತಪ್ಪು ಅಂತಿಲ್ಲ. ಒಂದೇ ಕಾರಿಗೆ ಏಕಕಾಲಕ್ಕೆ ಕೆಂಪು, ಬಿಳಿ ಎರಡೂ ಹೊಡೆಯೋಕೆ ಆಗಲ್ಲ. ಆದ್ರೆ ಬೋರ್ಡ್ ಮೇಲೆ ದೊಡ್ಡ ಹೆಸರು ಬಂದಾಗ, ಅದನ್ನ ಗುಜರಿಗೆ ಹಾಕದೆ ಇಟ್ಟುಕೊಂಡವರ ಹೆಸರೂ ನೆನಪಿರಬೇಕು. ಅವರು ಮಾರಿಬಿಟ್ಟಿದ್ದರೆ ಕಥೆಯೇ ಇರ್ತಿರಲಿಲ್ಲ.

ನಮ್ಮಪ್ಪನ ಸ್ಕೂಟರ್ ಮಾರಿದಾಗ ನಾನು ಹೈಸ್ಕೂಲಲ್ಲಿದ್ದೆ. ಹಳೇ ಆರ್‌ಸಿಯ ಜೆರಾಕ್ಸ್ ಒಂದು ಫೈಲಲ್ಲಿ ಉಳಿದಿತ್ತು. ಈ ಎಪಿಸೋಡ್ ಬರೀತಾ ಅದನ್ನ ತೆಗೆದು ಚಾಸಿ ನಂಬರ್ ನೋಡಿದೆ. ಅಪ್ಪ ಅದನ್ನ ಯಾರಿಂದ ತಗೊಂಡಿದ್ರು ಅಂತ ಮೊನ್ನೆಯಷ್ಟೇ ಕೇಳ್ದೆ, ಅರ್ಧ ಗಂಟೆ ಮಾತಾಡಿದ್ರು. ನಿಮ್ಮ ಮನೇಲೂ ಹಳೇ ಗಾಡಿ ಇದ್ರೆ, ಅಥವಾ ಮಾರಿದ ಗಾಡಿಯ ಕಾಗದ ಇದ್ರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ. ಕೇಳಿದ ಕಥೆಯನ್ನ ನನಗೂ ವಾಯ್ಸ್ ಮೆಸೇಜ್ ಮಾಡಿ. ಮುಂದಿನ ವಾರ ಸಿಗೋಣ.