ಮನೆಬಾಗಿಲ ತರಕಾರಿ ವರ್ತನೆ: ಕೋಯಂಬೇಡು ಮತ್ತು ಚೆನ್ನೈ

ಮನೆಬಾಗಿಲ ತರಕಾರಿ ವರ್ತನೆ ಎಂದರೆ ಆಯಾ ಕಾಲಕ್ಕೆ ಬೆಳೆಯುವ ತರಕಾರಿ, ಹಣ್ಣು, ಸೊಪ್ಪನ್ನು ದಿನದ ಇಲ್ಲವೆ ವಾರದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು ಮನೆಗೇ ತರಿಸಿಕೊಳ್ಳುವ ಏರ್ಪಾಡು. ತಿಂಗಳ ಕೊನೆಗೆ ಲೆಕ್ಕ ತೀರಿಸುವ ಹಳೆಯ ವಾಡಿಕೆ, ಮುಂಗಡ ಕಟ್ಟುವ ಚಂದಾ, ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಬರೆಸುವ ಬೇಡಿಕೆ ಇದರ ಮುಖ್ಯ ರೂಪಗಳು. ಚೆನ್ನೈಯಲ್ಲಿ ಇದರ ಇತಿಹಾಸವನ್ನು ಕೋಯಂಬೇಡು ಸಗಟು ಮಾರುಕಟ್ಟೆಯಿಂದ ಬೇರ್ಪಡಿಸಿ ಹೇಳಲಾಗದು. ಮಾರುಕಟ್ಟೆಯನ್ನು ಬಿಟ್ಟು ನೇರವಾಗಿ ರೈತರ ಬಳಿಗೆ ಹೋದ ಸೇವೆಗಳೂ ಬೆಲೆ ಕಟ್ಟುವಾಗ ಅಲ್ಲಿನ ಮುಂಜಾನೆಯ ದರವನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಪೂರ್ವರೂಪಗಳು

ದಕ್ಷಿಣ ಭಾರತದ ಪಟ್ಟಣಗಳಲ್ಲಿ ಹಾಲು ಮತ್ತು ಹೂವಿನ ವರ್ತನೆ ಹಳೆಯದು. ಗೊತ್ತಾದ ಮನೆಗೆ ಗೊತ್ತಾದ ಅಳತೆ ಹಾಕಿ, ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ಗುರುತು ಮಾಡಿ ತಿಂಗಳಿಗೊಮ್ಮೆ ಹಣ ಪಡೆಯುವುದು ಅದರ ರೀತಿ. ಚೆನ್ನೈಯಲ್ಲಿ ಸಹಕಾರಿ ಹಾಲಿನ ಸಂಸ್ಥೆ ಆವಿನ್ ತಿಂಗಳ ಕಾರ್ಡಿನ ಮೂಲಕ ಮುಂಗಡ ಹಣ ಪಡೆದು ಹಾಲು ಕೊಡುವ ಪದ್ಧತಿಯನ್ನು ಬೆಳೆಸಿತು. ತರಕಾರಿಗೆ ಇಂಥ ಕಟ್ಟು ಇರಲಿಲ್ಲ. ತಳ್ಳುಗಾಡಿಯವರು ಮತ್ತು ಬುಟ್ಟಿಯಲ್ಲಿ ಸೊಪ್ಪು ಹೊತ್ತು ತರುವ ಹೆಂಗಸರು ಬೀದಿಬೀದಿ ತಿರುಗಿ ಮಾರುತ್ತಿದ್ದರು. ಹಾಲಿನ ಅಳತೆಯಾಗಲಿ ಬೆಲೆಯಾಗಲಿ ದಿನದಿನಕ್ಕೆ ಬದಲಾಗದು, ತರಕಾರಿಯ ಬೆಲೆ ದಿನಕ್ಕೊಂದು. ಆದ್ದರಿಂದ ಕೊಳ್ಳುವವರು ಬಾಗಿಲಲ್ಲಿ ನಿಂತು ಆರಿಸಿ, ಚೌಕಾಸಿ ಮಾಡಿಯೇ ಕೊಳ್ಳುತ್ತಿದ್ದರು.

ಕೊತ್ತವಾಲ್ ಚಾವಡಿಯಿಂದ ಕೋಯಂಬೇಡಿಗೆ

ಮದರಾಸಿನ ತರಕಾರಿ, ಹಣ್ಣಿನ ಸಗಟು ವ್ಯಾಪಾರ ಬಹುಕಾಲ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿ ನಡೆಯಿತು. ಕಿರಿದಾದ ಬೀದಿಗಳಲ್ಲಿ ಲಾರಿಗಳ ದಟ್ಟಣೆ ಮತ್ತು ಕೊಳೆತ ಸರಕಿನ ರಾಶಿ ಹೆಚ್ಚಿದಾಗ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು (ಸಿಎಂಡಿಎ) ನಗರದ ಪಶ್ಚಿಮ ಅಂಚಿನಲ್ಲಿದ್ದ ಕೋಯಂಬೇಡಿನಲ್ಲಿ ಹೊಸ ಸಂಕೀರ್ಣ ಕಟ್ಟಿತು. ಸುಮಾರು 295 ಎಕರೆಯ ಈ ಯೋಜನೆಯ ಮೊದಲ ಹಂತ 1996ರಲ್ಲಿ ಆರಂಭವಾಯಿತು. ತರಕಾರಿ, ಹಣ್ಣು, ಹೂವಿಗೆ ಸೇರಿ 3,000ಕ್ಕೂ ಹೆಚ್ಚು ಮಳಿಗೆಗಳಿದ್ದವು. ಅದೇ ವರ್ಷದ ತಮಿಳುನಾಡು ಕಾಯಿದೆಯೊಂದು ಮಹಾನಗರ ವ್ಯಾಪ್ತಿಯಲ್ಲಿ ಈ ಸರಕುಗಳ ಸಗಟು ವ್ಯಾಪಾರ ನಿಗದಿತ ಜಾಗದಲ್ಲೇ ನಡೆಯಬೇಕೆಂದು ವಿಧಿಸಿತು. ಹೀಗೆ ಇಡೀ ನಗರದ ಬೆಲೆ ಒಂದೇ ಅಂಗಳದಲ್ಲಿ ನಿಗದಿಯಾಗುವ ಸ್ಥಿತಿ ಗಟ್ಟಿಯಾಯಿತು. ಪಕ್ಕದಲ್ಲೇ 2002ರಲ್ಲಿ ಬಸ್ ನಿಲ್ದಾಣ, 2015ರಲ್ಲಿ ಮೆಟ್ರೊ ಬಂದವು.

ಸರಕಿನ ದಾರಿ

ಲಾರಿಗಳು ರಾತ್ರಿ ಬರುತ್ತವೆ. ಕಮಿಷನ್ ಮಂಡಿಗಳ ವ್ಯಾಪಾರ ನಸುಕಿಗೆ ಮುಂಚೆಯೇ ಬಿರುಸಾಗಿ, ಬೆಳಗಾಗುವ ಹೊತ್ತಿಗೆ ಚಿಲ್ಲರೆ ಅಂಗಡಿಯವರು ಸರಕು ಹೊರಡಿಸಿರುತ್ತಾರೆ. ಬೆಂಗಳೂರು ಹೆದ್ದಾರಿಯ ದಿಕ್ಕಿನಿಂದ ಬರುವ ಸರಕಿನಲ್ಲಿ ಕರ್ನಾಟಕದ ಪಾಲು ದೊಡ್ಡದು. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಸೀಮೆಯ ಟೊಮೆಟೊ, ಮಾಲೂರು ಕಡೆಯ ಕೋಸು ಮತ್ತು ಗೆಡ್ಡೆ ತರಕಾರಿ, ಗುಂಡ್ಲುಪೇಟೆ ಸೀಮೆಯ ಸಾಂಬಾರ ಈರುಳ್ಳಿ ಅದರಲ್ಲಿ ಮುಖ್ಯ. ಆಂಧ್ರದ ಮದನಪಲ್ಲೆಯಿಂದ ಟೊಮೆಟೊ, ನೀಲಗಿರಿಯಿಂದ ಕ್ಯಾರೆಟ್, ಒಟ್ಟನ್‌ಛತ್ರಂನಿಂದ ನಾಟಿ ತರಕಾರಿ ಬರುತ್ತದೆ. ಚೆನ್ನೈಯ ಅಡುಗೆಮನೆಗೆ ‘ಸ್ಥಳೀಯ’ ಎಂಬುದರ ಸುತ್ತಳತೆ ಹೀಗೆ ನಾಲ್ಕಾರು ನೂರು ಕಿಲೋಮೀಟರ್ ಹಬ್ಬಿದೆ.

ಋತುವಿನ ಗುರುತು ಮಾರುಕಟ್ಟೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೇಸಗೆಯಲ್ಲಿ ಬಂಗನಪಲ್ಲಿ ಮಾವು ಬರುತ್ತದೆ, ಸಂಕ್ರಾಂತಿಯ ಮುನ್ನ ಕಬ್ಬು ಮತ್ತು ಹಸಿ ಅರಿಸಿನ ಗಿಡಕ್ಕೆ, ಆಯುಧಪೂಜೆಗೆ ಬೂದುಗುಂಬಳ ಮತ್ತು ಬಾಳೆಕಂದಿಗೆ ವಿಶೇಷ ಸಂತೆ ಕೂಡುತ್ತದೆ. ತಮಿಳು ತಿಂಗಳುಗಳಾದ ಐಪ್ಪಸಿ-ಕಾರ್ತಿಕದ ಈಶಾನ್ಯ ಮಳೆ ಜೋರಾದರೆ ಆವಕ ಕುಸಿದು ಬೆಲೆ ಏರುತ್ತದೆ.

ನೇರ ಮಾರಾಟದ ಯತ್ನಗಳು

ದಲ್ಲಾಳಿಯಿಲ್ಲದೆ ಬೆಳೆಗಾರರನ್ನು ಮನೆಗಳಿಗೆ ಜೋಡಿಸುವ ಯತ್ನ ಬೆಂಗಳೂರಿನಲ್ಲಿ ಬೇಗ ಆರಂಭವಾಯಿತು. 1959ರ ಸೆಪ್ಟೆಂಬರಿನಲ್ಲಿ, ತೋಟಗಾರಿಕೆ ಇಲಾಖೆಯ ಎಂ.ಎಚ್. ಮರೀಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಎಲ್ಲ ತೋಟಗಾರರನ್ನೂ ಒಳಗೊಂಡು ಅದೇ ಹಾಪ್‌ಕಾಮ್ಸ್ ಆಯಿತು. ಪಂಜಾಬಿನ ‘ಅಪ್ನಿ ಮಂಡಿ’ (1987) ಮತ್ತು ಆಂಧ್ರದ ರೈತು ಬಜಾರ್ ಬಂದ ಮೇಲೆ, ತಮಿಳುನಾಡು 1999ರ ನವೆಂಬರ್ 14ರಂದು ಮದುರೈಯಲ್ಲಿ ಮೊದಲ ‘ಉಳವರ್ ಸಂದೈ’ (ರೈತರ ಸಂತೆ) ತೆರೆಯಿತು. 2013ರಲ್ಲಿ ಸಹಕಾರ ಇಲಾಖೆ ಚೆನ್ನೈಯಲ್ಲಿ ತಾಜಾ ತರಕಾರಿ ಮಳಿಗೆಗಳನ್ನು ಶುರುಮಾಡಿತು. ಇವೆಲ್ಲ ಮಧ್ಯವರ್ತಿಯ ಪಾಲನ್ನು ಕಡಿಮೆ ಮಾಡಿದರೂ ಕೊಳ್ಳುವವರೇ ಅಂಗಡಿಗೆ ಹೋಗಬೇಕಿತ್ತು.

ಸಾವಯವ ಕೃಷಿ ಬಳಗಗಳು ಇನ್ನೊಂದು ದಾರಿ ತೆರೆದವು. ತಮಿಳುನಾಡಿನ ಸಾವಯವ ಕೃಷಿ ಪ್ರಚಾರಕ ಜಿ. ನಮ್ಮಾಳ್ವಾರ್ (1938–2013) ಅವರ ಪ್ರಭಾವದಲ್ಲಿ ಬೆಳೆದ ವಾತಾವರಣದಲ್ಲಿ, 2000ರ ದಶಕದ ಕೊನೆಗೆ ಚೆನ್ನೈಯ ಕೊಟ್ಟಿವಾಕ್ಕಂನಲ್ಲಿ ಸ್ವಯಂಸೇವಕರು ‘ರಿಸ್ಟೋರ್’ ಎಂಬ ಲಾಭರಹಿತ ಅಂಗಡಿ ತೆರೆದರು. ಯಾವ ಕಾಲಕ್ಕೆ ಏನು ಬೆಳೆಯುತ್ತದೋ ಅದನ್ನೇ ಉಣ್ಣಬೇಕೆಂಬ ಮಾತು ನಗರದ ಗ್ರಾಹಕರಿಗೆ ತಲುಪಿದ್ದು ಇಂಥ ಬಳಗಗಳಿಂದ.

ಹೊರದೇಶಗಳ ಮಾದರಿ

ಜಪಾನಿನಲ್ಲಿ 1970ರ ದಶಕದಲ್ಲಿ ಹಬ್ಬಿದ ‘ತೆಯಿಕೆಯಿ’ ಪದ್ಧತಿಯಲ್ಲಿ ಗೃಹಿಣಿಯರ ಗುಂಪುಗಳು ರೈತರೊಂದಿಗೆ ನೇರ ಒಪ್ಪಂದ ಮಾಡಿಕೊಂಡವು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂಹ್ಯಾಂಪ್‌ಶೈರ್‌ನ ಎರಡು ತೋಟಗಳು ಸದಸ್ಯರಿಂದ ವರ್ಷದ ಹಣ ಮೊದಲೇ ಪಡೆದು ಬೆಳೆ ಹಂಚತೊಡಗಿದವು. ಫ್ರಾನ್ಸಿನ ರೈತ-ಗ್ರಾಹಕ ಒಪ್ಪಂದ ‘ಅಮಾಪ್’ 2001ರದು. ಬೆಳೆ ಕೆಟ್ಟರೆ ಬುಟ್ಟಿಯೂ ಹಗುರವಾಗುತ್ತದೆ, ಆ ನಷ್ಟದಲ್ಲಿ ಸದಸ್ಯರಿಗೂ ಪಾಲು ಇದೆ ಎಂಬುದು ಈ ಪದ್ಧತಿಗಳ ತಿರುಳು.

ಆ್ಯಪ್‌ಗಳ ಕಾಲ

1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲ ಅಂಗಡಿ ತೆರೆದ ತಂಡವೇ 2011ರಲ್ಲಿ ಅದೇ ಊರಿನಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿತು. 2015ರಲ್ಲಿ ಚೆನ್ನೈಯ ವೇಕೂಲ್, ಬೆಂಗಳೂರಿನ ನಿಂಜಾಕಾರ್ಟ್ ರೈತರಿಂದ ಕೊಂಡು ಅಂಗಡಿಗಳಿಗೆ ಪೂರೈಸತೊಡಗಿದವು. ಚಂದಾ ಸೇವೆಗಳು ಹಾಲಿನ ಬೆನ್ನೇರಿ ಬಂದವು. ಬೆಳಗಿನ ಜಾವ ಹೇಗೂ ಹಾಲು ಹಾಕುವ ಹುಡುಗನ ಚೀಲಕ್ಕೆ ಸೊಪ್ಪು, ಟೊಮೆಟೊ ಸೇರಿಸಿದರೆ ಸಾಗಣೆಗೆ ಬೇರೆ ಖರ್ಚಿಲ್ಲ ಎಂಬುದು ಇದರ ಲೆಕ್ಕಾಚಾರ. ಹಿಂದಿನ ರಾತ್ರಿಯೇ ಬೇಡಿಕೆ ತಿಳಿಯುವುದರಿಂದ ಉಳಿದು ಕೊಳೆಯುವ ಸರಕೂ ಕಡಿಮೆ. ಮುಂಚಿತ ಬೇಡಿಕೆಯಿಲ್ಲದ ವ್ಯಾಪಾರದಲ್ಲಿ ಎಷ್ಟು ಹಾಳಾಗುತ್ತದೆ ಎಂಬುದಕ್ಕೆ ಕೋಯಂಬೇಡೇ ಸಾಕ್ಷಿ. ಅಲ್ಲಿನ ತ್ಯಾಜ್ಯದಿಂದ ವಿದ್ಯುತ್ ತೆಗೆಯಲು 2005ರಲ್ಲಿ ಆರಂಭಿಸಿದ ಅನಿಲ ಸ್ಥಾವರದ ಸಾಮರ್ಥ್ಯ ದಿನಕ್ಕೆ 30 ಟನ್ ಆಗಿತ್ತು.

2020ರ ತಿರುವು

ಕೋವಿಡ್ ಲಾಕ್‌ಡೌನಿನಲ್ಲಿ, 2020ರ ಏಪ್ರಿಲ್ 26ರಿಂದ ನಾಲ್ಕು ದಿನ ಚೆನ್ನೈ ಪೂರ್ತಿ ಬಂದ್ ಎಂದು ಘೋಷಣೆಯಾದಾಗ ಹಿಂದಿನ ದಿನ ಕೋಯಂಬೇಡಿಗೆ ಜನ ಮುಗಿಬಿದ್ದರು. ಸೋಂಕು ಮಾರುಕಟ್ಟೆಯಿಂದ ಕಡಲೂರು, ವಿಳುಪ್ಪುರಂ, ಅರಿಯಲೂರು ಜಿಲ್ಲೆಗಳಿಗೂ ಹಬ್ಬಿತು. ಮೇ 5ರಂದು ಮಾರುಕಟ್ಟೆ ಮುಚ್ಚಿತು. ತರಕಾರಿ ವ್ಯಾಪಾರ ಬೆಂಗಳೂರು ಹೆದ್ದಾರಿಯ ತಿರುಮಳಿಸೈಗೂ ಹಣ್ಣಿನ ವ್ಯಾಪಾರ ಮಾಧವರಂಗೂ ಸ್ಥಳಾಂತರವಾದವು. ತರಕಾರಿ ಮಾರುಕಟ್ಟೆ ಮತ್ತೆ ತೆರೆದದ್ದು ಸೆಪ್ಟೆಂಬರ್ 28ರಂದು.

ಈ ಅವಧಿಯಲ್ಲಿ ಸಗಟು ಮಾರುಕಟ್ಟೆಯನ್ನು ನಡೆಸುವ ಸಿಎಂಡಿಎಯೇ, ಖಾಸಗಿ ಆಹಾರ ಸಾಗಣೆ ಕಂಪನಿಗಳ ನೆರವಿನಿಂದ, ಹಣ್ಣು-ತರಕಾರಿಯನ್ನು ಮನೆಗೆ ತಲುಪಿಸಲು ಮುಂದಾಯಿತು. ನಗರಪಾಲಿಕೆಯ ಗಾಡಿಗಳು ಬೀದಿಗಳಿಗೆ ಬಂದವು. ಅದುವರೆಗೆ ಅನುಕೂಲಸ್ಥರ ಸೌಕರ್ಯವಾಗಿದ್ದ ಮನೆಬಾಗಿಲ ಪೂರೈಕೆ ಈ ಮೂಲಕ ಸಾರ್ವಜನಿಕ ಆಡಳಿತದ ಕೆಲಸವೂ ಆಯಿತು.

ಬೆಲೆಯ ಹೊಣೆ

2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಪೆಟ್ಟಿಗೆ 2,000 ರೂಪಾಯಿ ದಾಟಿತು. ತಮಿಳುನಾಡು ಸರ್ಕಾರ ಚೆನ್ನೈಯ 82 ಪಡಿತರ ಅಂಗಡಿಗಳಲ್ಲಿ ಕೆಜಿಗೆ 60 ರೂಪಾಯಿಯಂತೆ ಮಾರಿತು. ಅಮೆರಿಕದ ಮಾದರಿಯಲ್ಲಾದರೆ ಮೊದಲೇ ಹಣ ಕಟ್ಟಿದ ಸದಸ್ಯರಿಗೆ ಈ ಏರಿಕೆ ತಟ್ಟುತ್ತಿರಲಿಲ್ಲ, ಬೆಲೆ ಬಿದ್ದ ದಿನ ರೈತ ಟೊಮೆಟೊವನ್ನು ರಸ್ತೆಗೆ ಸುರಿಯಬೇಕಾಗುತ್ತಲೂ ಇರಲಿಲ್ಲ. ಚೆನ್ನೈಯ ವಾಣಿಜ್ಯ ಚಂದಾ ಸೇವೆಗಳು ಸಾಮಾನ್ಯವಾಗಿ ಸಾಗಣೆಯನ್ನಷ್ಟೇ ಗೊತ್ತುಪಡಿಸುತ್ತವೆ, ಬೆಲೆಯನ್ನು ಆಯಾ ದಿನಕ್ಕೇ ಬಿಡುತ್ತವೆ. ಬೆಳೆಯ ನಷ್ಟ ಮೊದಲಿನಂತೆ ಬೆಳೆಗಾರನದೇ.

ಇತ್ತೀಚಿನ ಸ್ಥಿತಿ

ಚಂದಾ ಸೇವೆಗಳ ಬುಡ ಗಟ್ಟಿಯಾಗುವ ಮೊದಲೇ ನಿಮಿಷಗಳಲ್ಲಿ ಸರಕು ತಲುಪಿಸುವ ಕಂಪನಿಗಳು ಬಂದವು. ಸ್ವಿಗ್ಗಿ 2018ರಲ್ಲಿ ಕೊಂಡಿದ್ದ ಹಾಲು-ದಿನಸಿ ಚಂದಾ ಸೇವೆ ಸೂಪರ್ ಡೈಲಿ 2022ರ ಮೇ ತಿಂಗಳಲ್ಲಿ ಚೆನ್ನೈ ಸೇರಿ ಐದು ನಗರಗಳಲ್ಲಿ ನಿಂತಿತು. ಒಂದೇ ಬೆಳೆಯ, ಒಂದೇ ಋತುವಿನ ಪೂರೈಕೆ ಹೆಚ್ಚು ಬಾಳಿಕೆ ಬಂದಿದೆ. ಕರ್ನಾಟಕದ ಮಾವು ಅಭಿವೃದ್ಧಿ ನಿಗಮ 2019ರಿಂದ ಅಂಚೆ ಇಲಾಖೆಯ ಜೊತೆ ಸೇರಿ ರೈತರ ಮಾವನ್ನು 3 ಕೆಜಿ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸುತ್ತ ಬಂದಿರುವುದು ಇದಕ್ಕೆ ನಿದರ್ಶನ. ಮಾವಿನ ಕಾಲ ಎರಡು-ಮೂರು ತಿಂಗಳದು, ಬೇಡಿಕೆ ಖಚಿತ, ರೈತ ಯಾರೆಂಬುದೂ ಗೊತ್ತು. ವರ್ಷಪೂರ್ತಿ ಎಲ್ಲ ತರಕಾರಿಯನ್ನೂ ಒದಗಿಸುವ ಸೇವೆಗಳಿಗೆ ಈ ಮೂರೂ ಒಟ್ಟಿಗೆ ದಕ್ಕುವುದಿಲ್ಲವಾದ್ದರಿಂದ ಅವು ಸರಕಿಗಲ್ಲದಿದ್ದರೂ ದರಕ್ಕೆ ಕೋಯಂಬೇಡನ್ನೇ ನೆಚ್ಚಿಕೊಂಡಿವೆ.